ಎಡಗಡೆ ಹಿಂದಿನ ಚಕ್ರ

ಮೊನ್ನೆ ರಾತ್ರಿ ಉಣ್ಣಲು ಕೂತಿದ್ದಾಗ ತಂಗಿಯ ಮಗ ಫೋನು ಮಾಡಿದ. "ಮಾವ, ತಿರ್ಗಾ ಸಡ್ಲ ಆಗವೆ" ಅಂದ. ಏನು ಸಡಿಲವಾಗಿದೆ ಅಂತ ನಾನು ಕೇಳಲಿಲ್ಲ. ಒಂದೇ ತಿಂಗಳಲ್ಲಿ ಇದು ನಾಲ್ಕನೇ ಸಲ. ಎಡಗಡೆ ಹಿಂದಿನ ಚಕ್ರದ ನಟ್ಟುಗಳು. ಅವನು ಓಡಿಸುವುದು ತನ್ನ ಗಾಡಿಯನ್ನಲ್ಲ. ಮಿರ್ಲೆ ಸುತ್ತಿನ ಹಳ್ಳಿಗಳಿಂದ ತರಕಾರಿ ತುಂಬಿಕೊಂಡು ಮೈಸೂರಿನ ಬಂಡೀಪಾಳ್ಯದ ಮಾರುಕಟ್ಟೆಗೆ ಹೋಗುವ ಒಂದು ಹಳೇ ಗೂಡ್ಸ್ ಗಾಡಿ. ಗಾಡಿ ಒಬ್ಬರದು, ಬೆವರು ಇವನದು.

"ಓನರ್ರು ಏನಂದ್ರು?" ಅಂದೆ.

"ನಟ್ಟು ತಿರುಗ್ಸಕ್ಕೂ ಬರಲ್ವೇನೋ ನಿನ್ ಕೈಗೆ ಅಂದ್ರು."

ತುತ್ತು ಬಾಯಿಗೆ ಹೋಗಲಿಲ್ಲ. ಅದೇ ಮಾತು. ಅದೇ ಊರು. ಅದೇ ಎಡಗಡೆ ಹಿಂದಿನ ಚಕ್ರ. ನಲವತ್ತು ವರ್ಷದ ಹಿಂದೆ ಈ ಮಾತನ್ನು ನನ್ನ ಕಿವಿಯಲ್ಲೇ ಕೇಳಿಸಿಕೊಂಡಿದ್ದೆ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಮ್ಮಪ್ಪ ಮಿರ್ಲೆಯ ಒಬ್ಬ ಗೌಡರ ಮನೆಯಲ್ಲಿ ಜೀತಕ್ಕಿದ್ದವನು. ಆ ಮನೆಯ ಎತ್ತಿನ ಗಾಡಿ ಹೊಡೆಯುವುದು ಅವನ ಕೆಲಸ. ನಮ್ಮದು ಭತ್ತದ ಸೀಮೆ. ಸುಗ್ಗಿ ಬಂತೆಂದರೆ ಕೃಷ್ಣರಾಜನಗರದ ಮಿಲ್ಲುಗಳಿಗೆ ರಾತ್ರಿಯೆಲ್ಲ ಗಾಡಿ ಸಾಲು. 1976ರಲ್ಲಿ ಜೀತ ರದ್ದು ಮಾಡುವ ಕಾನೂನು ಬಂತು. ಪಕ್ಕದ ಹುಣಸೂರು ಸೀಮೆಯ ದೇವರಾಜ ಅರಸು ಅವರೇ ಆಗ ಮುಖ್ಯಮಂತ್ರಿ. ಕಾನೂನು ಬಂದ ಮೇಲೆ ನಮ್ಮಪ್ಪನನ್ನು ಯಾರೂ ಜೀತಗಾರ ಅನ್ನಲಿಲ್ಲ. ಆಳು ಅಂದರು. ಸಾಲದ ಲೆಕ್ಕ ಮಾತ್ರ ಹಳೇ ಪುಸ್ತಕದಲ್ಲೇ ಮುಂದುವರಿಯಿತು.

ಆ ಗೌಡರು 1983ರಲ್ಲಿ ಸರ್ಕಾರಿ ಹರಾಜಿನಲ್ಲಿ ಒಂದು ಹಳೇ ಮಹೀಂದ್ರ ಜೀಪು ಹಿಡಿದರು. ಮಹೀಂದ್ರದವರು ಅಮೆರಿಕದ ವಿಲ್ಲೀಸ್ ಜೀಪನ್ನು ಇಲ್ಲಿ ಜೋಡಿಸಲು ಶುರುಮಾಡಿದ್ದು ಸ್ವಾತಂತ್ರ್ಯ ಬಂದ ಹೊಸತರಲ್ಲಿ. ನಮ್ಮ ಜೀಪೂ ಅದೇ ವಂಶದ್ದು. ಗೌಡರ ಮನೆಗೆ ಬರುವ ಹೊತ್ತಿಗೆ ಅದಕ್ಕೆ ಮುಪ್ಪು ಬಂದಿತ್ತು. ಬಾಗಿಲಿಲ್ಲ, ಮೀಟರು ಸತ್ತಿತ್ತು, ಹಿಂದಿನ ಹಲಗೆಗೆ ತಂತಿ ಕಟ್ಟಿತ್ತು. ಎಸ್ಸೆಸ್ಸೆಲ್ಸಿ ಫೇಲಾಗಿ ಕಟ್ಟೆ ಮೇಲೆ ಕೂತಿದ್ದ ನನ್ನನ್ನು ಅಪ್ಪ ಕರೆದುಕೊಂಡು ಹೋಗಿ, "ಬುದ್ಧಿ, ಇವುನ್ನ ಕ್ಲೀನರ್ ಮಾಡ್ಕಳಿ" ಅಂದ. ಅಪ್ಪ ಗಾಡಿ, ಮಗ ಜೀಪು. ಇಷ್ಟೇ ನಮ್ಮ ಮನೆ ಕಂಡ ಪ್ರಗತಿ.

ಮೊದಲನೇ ದಿನವೇ ನನ್ನ ಮಾನ ಹೋಯಿತು. ಎಡಗಡೆ ಚಕ್ರ ಪಂಚರಾಗಿತ್ತು. ಬಿಚ್ಚು ಅಂದರು. ಎಲ್ಲ ನಟ್ಟೂ ಬಿಚ್ಚುವ ಹಾಗೆ ತಿರುಗಿಸಿದೆ, ಬರಲಿಲ್ಲ. ಸ್ಪ್ಯಾನರಿನ ಮೇಲೆ ಹತ್ತಿ ನಿಂತೆ, ಕುಣಿದೆ. ಬೋಲ್ಟೇ ಮುರಿದು ಕೈಗೆ ಬಂತು. ನೋಡುತ್ತ ನಿಂತಿದ್ದ ಹಳೇ ಡ್ರೈವರು ಆಗ ಬಾಯಿ ಬಿಟ್ಟ: "ಎಡಗಡೇದು ಉಲ್ಟಾ ಥ್ರೆಡ್ಡು ಕಣ್ಲಾ." ಬೋಲ್ಟಿನ ತುದಿಯಲ್ಲಿ 'ಎಲ್' ಅನ್ನುವ ಇಂಗ್ಲಿಷ್ ಅಕ್ಷರ ಕೆತ್ತಿತ್ತು. ಎಡಗಡೆ ಚಕ್ರ ಉರುಳುವ ದಿಕ್ಕಿಗೆ ನಟ್ಟು ತಾನಾಗಿ ಬಿಚ್ಚಿಕೊಳ್ಳದಿರಲಿ ಎಂದು ಆ ಜೀಪುಗಳಲ್ಲಿ ಎಡಗಡೆಗೆ ಎಡ ಥ್ರೆಡ್ಡು, ಬಲಗಡೆಗೆ ಬಲ ಥ್ರೆಡ್ಡು ಇಟ್ಟಿದ್ದರು. ಅವನಿಗೆ ಇದು ಮೊದಲೇ ಗೊತ್ತಿತ್ತು. ಹೇಳಲಿಲ್ಲ. ನಾನು ಕುಣಿಯುವುದನ್ನು ನೋಡಬೇಕಿತ್ತು ಅವನಿಗೆ. "ಎಡ ಯಾವ್ದು ಬಲ ಯಾವ್ದು ಗೊತ್ತಿಲ್ದವ್ರೆಲ್ಲ ಜೀಪ್ ಹತ್ತಕ್ ಬಂದವ್ರೆ" ಅಂತ ಗೌಡರ ಮನೆ ಜಗಲಿ ನಕ್ಕಿತು. ಮುರಿದ ಬೋಲ್ಟಿನ ದುಡ್ಡು ನನ್ನ ಸಂಬಳದಲ್ಲಿ ಹಿಡಿದರು. ನಮಗೆ ವಿದ್ಯೆ ತಿಳಿಯದಂತೆ ಬಚ್ಚಿಡುವುದು, ತಿಳಿಯಲಿಲ್ಲವೆಂದು ಆಮೇಲೆ ಹಳಿಯುವುದು. ಎರಡೂ ಒಂದೇ ಕೈಯ ಕೆಲಸ ಅನ್ನುವುದು ಅವತ್ತು ನನಗೆ ತಿಳಿಯಿತು.

ಒಂದು ವರ್ಷದಲ್ಲಿ ಆ ಡ್ರೈವರು ಬಿಟ್ಟು ಹೋದ. ನಾನು ಲೈಸೆನ್ಸು ಮಾಡಿಸಿ ಸ್ಟೇರಿಂಗು ಹಿಡಿದೆ. ಮಿರ್ಲೆಯಿಂದ ಕೃಷ್ಣರಾಜನಗರಕ್ಕೆ, ಸಾಲಿಗ್ರಾಮಕ್ಕೆ ಜನ ತುಂಬಿಕೊಂಡು ಟ್ರಿಪ್ಪು. ಆಗ ಶುರುವಾಯಿತು ನಟ್ಟಿನ ಕಾಟ. ಎಡಗಡೆ ಹಿಂದಿನ ಚಕ್ರಕ್ಕೆ ಐದು ನಟ್ಟು. ಬೆಳಿಗ್ಗೆ ಬಿಗಿ ಮಾಡಿದರೆ ಸಂಜೆಗೆ ಎರಡು ಸಡಿಲ. ಮಾರನೇ ದಿನಕ್ಕೆ ಮೂರು. ಮೊದಲು ಬುಡದಿಂದ ಟಕ್ ಟಕ್ ಎಂದು ಸಣ್ಣಗೆ ಸದ್ದು ಬರುತ್ತಿತ್ತು. ಆಮೇಲೆ ನಟ್ಟಿನ ಸುತ್ತ ಕೆಂಪನೆಯ ತುಕ್ಕಿನ ಪುಡಿ, ಕಣ್ಣೀರು ಇಳಿದ ಹಾಗೆ ಗೆರೆಗೆರೆಯಾಗಿ ಕಾಣುತ್ತಿತ್ತು. ಗೌಡರಿಗೆ ಹೇಳಿದೆ. "ಹೊಟ್ಟೆಗೆ ಇಟ್ಟು ತಿನ್ನಲ್ವೇನ್ಲಾ? ನಟ್ಟು ತಿರುಗ್ಸಕ್ಕೂ ಬರಲ್ವೇನ್ಲಾ ನಿನ್ ಕೈಗೆ?" ಅಂದರು. ನಾನೂ ನಂಬಿದೆ. ನನ್ನ ಕೈಯದೇ ತಪ್ಪಿರಬೇಕು ಅಂದುಕೊಂಡೆ. ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಉದ್ದ ಮಾಡಿಕೊಂಡು, ಮೈಭಾರವೆಲ್ಲ ಬಿಟ್ಟು ಬಿಗಿದೆ. ಇನ್ನೂ ಬೇಗ ಸಡಿಲವಾಯಿತು.

ಆಗ ಒಂದು ನಲವತ್ತು ಪುಟದ ನೋಟುಬುಕ್ಕು ತಂದೆ. ತಾರೀಕು, ಎಷ್ಟನೇ ಟ್ರಿಪ್ಪು, ಯಾವ ನಟ್ಟು, ಎಷ್ಟು ಸುತ್ತು ತಿರುಗಿತು, ಗೌಡರಿಗೆ ಹೇಳಿದೆನೋ ಇಲ್ಲವೋ, ಅವರು ಏನಂದರು. ಇಷ್ಟನ್ನು ಪ್ರತಿ ದಿನ ಬರೆದೆ. ನಾನು ಬರೆದ ಮೊದಲ ಬರವಣಿಗೆ ಅದೇ. ಪರೀಕ್ಷೆಯಲ್ಲಿ ಫೇಲಾದ ಕೈ, ನಟ್ಟಿನ ಲೆಕ್ಕ ಬರೆಯುವುದರಲ್ಲಿ ಪಾಸಾಯಿತು.

ಕೃಷ್ಣರಾಜನಗರದಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದರು. ಸಾಬರು. ನನ್ನನ್ನು ಒಳಗೆ ಕರೆದು, ತಾವು ಕುಡಿಯುವ ಲೋಟದಲ್ಲೇ ಟೀ ಕೊಟ್ಟವರು. ಒಂದು ದಿನ ಅವರ ಹತ್ತಿರ ಜೀಪು ನಿಲ್ಲಿಸಿ ನೋಟುಬುಕ್ಕು ತೋರಿಸಿದೆ. ಅವರಿಗೆ ಕನ್ನಡ ಓದಲು ಬಾರದು. "ಓದು ಬೇಟಾ" ಅಂದರು. ಪೂರ್ತಿ ಕೇಳಿ, ಜಾಕಿ ಹಾಕಿ, ಚಕ್ರ ಇಳಿಸಿದರು. ಚಕ್ರದ ಬೆನ್ನು, ಅಂದರೆ ಡ್ರಮ್ಮಿಗೆ ಕೂರುವ ಮುಖವನ್ನು ಮೇಲಕ್ಕೆ ಮಾಡಿ ಚಾಕುವಿನಿಂದ ಕೆರೆದರು. ಬಣ್ಣ ಪದರ ಪದರವಾಗಿ ಎದ್ದು ಬಂತು. ಮೇಲೆ ಹಸಿರು, ಅದರ ಕೆಳಗೆ ಬೂದಿ, ಅದರ ಕೆಳಗೆ ಮತ್ತೆ ಹಸಿರು, ಎಲ್ಲಕ್ಕೂ ಕೆಳಗೆ ತುಕ್ಕು.

"ನಟ್ಟು ಚಕ್ರಾನ ಹಿಡ್ಕೊಂಡಿದೆ ಅಂತ ತಿಳ್ಕೊಂಡಿದೀಯಾ? ಇಲ್ಲ. ನಟ್ಟು ತಿರುಗಿದ್ರೆ ಬೋಲ್ಟು ಒಂದು ಎಳೆಯಷ್ಟು ಎಳ್ಕೊಂತದೆ. ಆ ಎಳ್ತಕ್ಕೆ ರಿಮ್ಮೂ ಡ್ರಮ್ಮೂ ಒಂದಕ್ಕೊಂದು ಒತ್ಕೊಂಡು ಕೂತ್ಕೊಂತವೆ. ಚಕ್ರ ನಿಂತಿರೋದು ಆ ಒತ್ತಿನ ಮೇಲೆ. ಮಧ್ಯದಲ್ಲಿ ಬಣ್ಣ ಇದ್ರೆ? ಬಣ್ಣ ಕಬ್ಬಿಣ ಅಲ್ಲ. ಬಿಸಿಗೆ, ಭಾರಕ್ಕೆ ಪುಡಿಯಾಗಿ ಉದುರ್ತದೆ. ಕೂದಲೆಳೆಯಷ್ಟು ಜಾಗ ಆದ್ರೆ ಸಾಕು, ಬೋಲ್ಟಿನ ಎಳ್ತ ಹೋಯ್ತು. ನಟ್ಟು ತಾನೇ ತಿರುಗ್ತದೆ."

ನನಗೆ ಥಟ್ಟನೆ ಅಪ್ಪನ ನೆನಪಾಯಿತು. ಗಾಡಿಗೆ ಹುಲ್ಲು ಹೇರಿ ಹಗ್ಗ ಬಿಗಿದು ಹೊರಟ ಮೇಲೆ, ಒಂದು ಮೈಲಿ ಹೋಗುವಷ್ಟರಲ್ಲಿ ಅಪ್ಪ ಗಾಡಿ ನಿಲ್ಲಿಸಿ ಮತ್ತೊಮ್ಮೆ ಹಗ್ಗ ಜಗ್ಗಿ ಕಟ್ಟುತ್ತಿದ್ದ. "ಹುಲ್ಲು ಕೂತ್ಕತ್ತದೆ ಕೂಸು, ಹಗ್ಗದ್ದೇನೂ ತಪ್ಪಿಲ್ಲ" ಅನ್ನುತ್ತಿದ್ದ. ಗಾಡಿಯ ಕಡಾಣಿಯನ್ನು ದಾರಿಯಲ್ಲಿ ಎಷ್ಟು ಸಲ ಮುಟ್ಟಿ ನೋಡುತ್ತಿದ್ದನೋ ಲೆಕ್ಕವಿಲ್ಲ. ಮೇಸ್ತ್ರಿಯೂ ಅದನ್ನೇ ಹೇಳಿದರು: ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತರಿಂದ ನೂರು ಕಿಲೋಮೀಟರಿನ ಒಳಗೆ ನಿಲ್ಲಿಸಿ ಇನ್ನೊಮ್ಮೆ ಬಿಗಿ ನೋಡಬೇಕು. ಒಂದರ ಪಕ್ಕ ಒಂದು ಅಂತ ಸುತ್ತ ಬಿಗಿಯಬಾರದು, ಒಂದು ಬಿಟ್ಟು ಅದರ ಎದುರಿನದು, ಹೀಗೆ ದಾಟಿಸಿ ದಾಟಿಸಿ ಬಿಗಿಯಬೇಕು. ಪೈಪು ಹಾಕಿ ಬಿಗಿದರೆ ಬೋಲ್ಟು ಎಳೆದುಹೋಗಿ ಸತ್ತ ಸ್ಪ್ರಿಂಗಿನ ಹಾಗೆ ಆಗುತ್ತದೆ. ಆಮೇಲೆ ಅದು ಹಿಡಿಯುವುದೇ ಇಲ್ಲ.

ಇನ್ನೂ ಎರಡು ತೋರಿಸಿದರು. ರಿಮ್ಮಿನ ನಟ್ಟಿನ ತೂತುಗಳು ದುಂಡಗಿರಬೇಕಾದವು ಉಜ್ಜಿ ಉಜ್ಜಿ ಕೋಳಿಮೊಟ್ಟೆಯ ಆಕಾರಕ್ಕೆ ತಿರುಗಿದ್ದವು. ಐದು ಬೋಲ್ಟಿನಲ್ಲಿ ಮೂರಕ್ಕೆ ಮಾತ್ರ 'ಎಲ್' ಗುರುತು. ಮಿಕ್ಕೆರಡು ಯಾರೋ ಯಾವಾಗಲೋ ಹೊಡೆದು ಕೂರಿಸಿದ ಬಲ ಥ್ರೆಡ್ಡಿನವು. "ಈ ರಿಮ್ಮು ಸತ್ತದೆ. ರಿಮ್ಮೂ ಐದು ಬೋಲ್ಟೂ ಹೊಸದು ಹಾಕ್ಸು ಅಂತ ಹೇಳು ನಿನ್ ಧಣಿಗೆ. ನೀನು ಎಷ್ಟು ಬಿಗಿದ್ರೂ ಅಷ್ಟೇಯಾ. ನಿನ್ ಕೈದು ತಪ್ಪಿಲ್ಲ" ಅಂದರು.

ನಿನ್ನ ಕೈಯದು ತಪ್ಪಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಆ ಮಾತನ್ನು ನನಗೆ ಹೇಳಿದ ಮೊದಲ ಮನುಷ್ಯ ಅವರು.

ಗೌಡರಿಗೆ ಹೇಳಿದೆ. ಅವರು ರಿಮ್ಮು ಹಾಕಿಸಲಿಲ್ಲ. ಬಣ್ಣ ಹೊಡೆಸಿದರು. ಎಫ್.ಸಿ. ಹತ್ತಿರ ಬಂದಿತ್ತು. ಎಫ್.ಸಿ.ಗೆ ಹೋಗುವ ಮುನ್ನ ಗಾಡಿಗೆ, ಚಕ್ರಕ್ಕೆ ಬಣ್ಣ ಬಳಿಯುವುದು ಎಲ್ಲರೂ ಮಾಡುವ ಕೆಲಸ. ಚಕ್ರ ಬಿಚ್ಚಿ, ಹಿಂದೆ ಮುಂದೆ ಎರಡೂ ಕಡೆ ಬಳಿದು, ಒಣಗುವುದಕ್ಕೂ ಬಿಡದೆ ತಿರುಗಿ ಹಾಕಿದರು. ನೋಡುವವರು ಗಾಡಿ ಗಟ್ಟಿಯಾಗಿದೆ ಎನ್ನಲೆಂದು ಬಳಿದ ಬಣ್ಣವೇ ಚಕ್ರವನ್ನು ಕಳಚುತ್ತದೆ. ಆಯುಧಪೂಜೆಗೆ ಅದೇ ಚಕ್ರಕ್ಕೆ ಕುಂಬಳಕಾಯಿ ಒಡೆದು, ನಿಂಬೆಹಣ್ಣು ಹತ್ತಿಸಿ, ಕುಂಕುಮ ಹಚ್ಚಿದರು. ಕುಂಕುಮದ ಕೆಳಗೆ ತುಕ್ಕಿನ ಗೆರೆ ಇಳಿದದ್ದು ಕುಂಕುಮವೇ ಕರಗಿದ ಹಾಗೆ ಕಾಣುತ್ತಿತ್ತು.

ಈಗ ನಾನು ಹೇಳಬೇಕಾದ ಮಾತು ಇದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಓಡಿಸಿದೆ. ತಂಗಿಯ ಮದುವೆಗೆ ಗೌಡರ ಹತ್ತಿರ ನಾನೂರು ರೂಪಾಯಿ ಮುಂಗಡ ತಂದಿದ್ದೆ. ಬೀಗದ ಕೈ ಅವರ ಮುಂದಿಟ್ಟು "ಓಡ್ಸಕ್ಕಿಲ್ಲ ಬುದ್ಧಿ" ಅನ್ನುವ ಎದೆ ಇರಲಿಲ್ಲ. ದಿನಕ್ಕೆ ಮೂರು ಸಲ ನಟ್ಟು ಮುಟ್ಟಿ ನೋಡಿ ಓಡಿಸುತ್ತಿದ್ದೆ. ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ.

1985ರ ಜನವರಿ. ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ. ಆ ದಿನ ಜೀಪಿನಲ್ಲಿ ಹದಿನೇಳು ಜನ. ಯಾರು ಎಲ್ಲಿ ಕೂರಬೇಕು ಅನ್ನುವುದಕ್ಕೆ ಬೋರ್ಡು ಬೇಕಿರಲಿಲ್ಲ. ಮುಂದೆ ಗೌಡರ ಕಡೆಯವರು. ಒಳಗಿನ ಬೆಂಚುಗಳಲ್ಲಿ ಊರಿನವರು. ನಮ್ಮ ಕೇರಿಯವರು ಹಿಂದಿನ ಹಲಗೆಯ ಮೇಲೆ, ಕಂಬಿ ಹಿಡಿದು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ. ಕಾಸು ಮಾತ್ರ ಎಲ್ಲರಿಗೂ ಒಂದೇ. ನಮ್ಮ ದೊಡ್ಡವ್ವ ಎಡಗಡೆ ಮೂಲೆಯಲ್ಲಿ ನೇತಾಡುತ್ತಿದ್ದಳು. ಹಿಂದಿನ ಭಾರವೆಲ್ಲ ಎಲ್ಲಿ ಬೀಳುತ್ತಿತ್ತು ಅನ್ನುವುದನ್ನು ಲೆಕ್ಕ ಹಾಕಿ ನೋಡಿ. ದಾರಿ ಒಂದೇ ಗಾಡಿಯಷ್ಟು ಅಗಲ. ಎದುರಿಗೆ ಬಸ್ಸು ಬಂದರೆ ನಾವೇ ಎಡಕ್ಕೆ ಇಳಿಯಬೇಕು. ಆ ಗುಂಡಿ, ಆ ಕಲ್ಲು, ಎಲ್ಲ ಏಟೂ ಎಡಗಡೆ ಚಕ್ರಕ್ಕೆ.

ಒಂದು ಬಸ್ಸಿಗೆ ದಾರಿ ಬಿಟ್ಟು ಮತ್ತೆ ರಸ್ತೆಗೆ ಹತ್ತಿಸಿದೆ. ಸದ್ದು ಬಂತು. ನಿಲ್ಲಿಸಬೇಕು ಅಂದುಕೊಳ್ಳುವಷ್ಟರಲ್ಲಿ ಒಂದು ಚಕ್ರ ನಮ್ಮನ್ನು ಬಿಟ್ಟು ಮುಂದೆ ಉರುಳಿಕೊಂಡು ಹೋಗುತ್ತಿರುವುದು ಕಂಡಿತು. ಯಾರದೋ ಚಕ್ರ ಎಂದು ಒಂದು ಗಳಿಗೆ ನೋಡಿದೆ. ಅದು ನಮ್ಮದೇ. ಕುಯ್ದ ಗದ್ದೆಗೆ ಇಳಿದು, ಕೂಳೆಗಳ ಮೇಲೆ ಕುಣಿದು ಬಿತ್ತು. ಜೀಪಿನ ಎಡ ಮೂಲೆ ನೆಲಕ್ಕೆ ಕುಸಿಯಿತು. ಮುಂದೆ ಕೂತವರಿಗೆ ಗಾಯವಿಲ್ಲ. ಒಳಗಿನವರಿಗೆ ತರಚು. ದೊಡ್ಡವ್ವನ ಕಾಲು ಹಲಗೆಯ ಕೆಳಗೆ ಸಿಕ್ಕಿತ್ತು.

ಅವಳು ಬದುಕಿದಳು. ನೆಟ್ಟಗೆ ನಡೆಯಲಿಲ್ಲ. ನಾಟಿಗೆ ಬಾಗಲು ಆಗದ ಹೆಂಗಸಿಗೆ ನಮ್ಮ ಭತ್ತದ ಸೀಮೆಯಲ್ಲಿ ಏನು ಕೆಲಸ?

ಅರಳಿಕಟ್ಟೆಯ ಮುಂದೆ ನ್ಯಾಯ ಸೇರಿತು. ಕಟ್ಟೆಯ ಮೇಲೆ ಅವರು, ಕೆಳಗೆ ನಾವು. "ಬಿಗಿ ಮಾಡ್ದೆ ಓಡ್ಸವ್ನೆ, ದಂಡ ಅವನೇ ಕಟ್ಲಿ" ಅಂದರು. ನಾನು ಗೋಣಿಚೀಲದಿಂದ ಆ ರಿಮ್ಮನ್ನು ತೆಗೆದು ಕಟ್ಟೆಯ ಮೇಲಿಟ್ಟೆ. ಮೊಟ್ಟೆಯಾದ ತೂತುಗಳನ್ನು ತೋರಿಸಿದೆ. ಮೂರು ಎಡ, ಎರಡು ಬಲ ಥ್ರೆಡ್ಡಿನ ಕತೆ ಹೇಳಿದೆ. ಆಮೇಲೆ ನೋಟುಬುಕ್ಕು ಓದಿದೆ. ತಾರೀಕು, ನಟ್ಟು, ಸುತ್ತು. 'ಗೌಡರಿಗೆ ಹೇಳಿದೆ' ಅನ್ನುವ ಸಾಲು ಹನ್ನೊಂದು ಸಲ ಬಂತು. ನಾನು ಓದುತ್ತಿದ್ದಾಗ ಕಟ್ಟೆ ಮೇಲಿನವರು ಮಾತಾಡಲಿಲ್ಲ. ನಮ್ಮ ಕೇರಿಯವನೊಬ್ಬ ನಿಂತುಕೊಂಡು ಓದುವುದನ್ನು, ಅವರು ಕೂತುಕೊಂಡು ಕೇಳುವುದನ್ನು ಆ ಅರಳಿಮರ ಅವತ್ತೇ ಮೊದಲು ಕಂಡಿತೋ ಏನೋ.

ಓದಿ ಮುಗಿದ ಮೇಲೆ ಗೌಡರು ಒಂದೇ ಪ್ರಶ್ನೆ ಕೇಳಿದರು. "ಇಷ್ಟೆಲ್ಲ ಗೊತ್ತಿದ್ ಮ್ಯಾಲೆ ಯಾಕ್ಲಾ ಓಡ್ಸ್ದೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. ನಿಮ್ಮ ನಾನೂರು ರೂಪಾಯಿ ಅನ್ನಬಹುದಿತ್ತು, ಅನ್ನಲಿಲ್ಲ. ಕೆಳಗೆ ಕೂತಿದ್ದ ದೊಡ್ಡವ್ವನ ಕಡೆ ನೋಡಲು ಆಗಲಿಲ್ಲ. ದಂಡ ಬೀಳಲಿಲ್ಲ. ಆಸ್ಪತ್ರೆಯ ಖರ್ಚಿನಲ್ಲಿ ಅರ್ಧ ಗೌಡರು ಕೊಟ್ಟರು. ನನ್ನ ಕೆಲಸ ಹೋಯಿತು, ಮುಂಗಡ ಉಳಿಯಿತು. ಆಮೇಲೆ ಒಬ್ಬ ವಕೀಲರನ್ನು ಕೇಳಿದೆ. ಮೋಟಾರು ಸಾರಿಗೆ ಕೆಲಸಗಾರರಿಗೆಂದೇ 1961ರಲ್ಲಿ ಒಂದು ಕಾಯಿದೆ ಬಂದಿತ್ತು. ಆದರೆ ಅದು ಐದು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಗೆ ಅನ್ವಯಿಸುತ್ತಿರಲಿಲ್ಲ. ಒಂದು ಜೀಪು, ಒಬ್ಬ ಡ್ರೈವರು. ಕಾನೂನಿನ ಲೆಕ್ಕದಲ್ಲಿ ನಾನು ಇರಲೇ ಇಲ್ಲ.

ಮೈಸೂರಿಗೆ ಬಂದೆ. ಗ್ಯಾರೇಜಿನಲ್ಲಿ ಮೂವತ್ತು ವರ್ಷ ಸವೆಸಿದೆ. ಈಗಿನ ಗಾಡಿಗಳಲ್ಲಿ ಉಲ್ಟಾ ಥ್ರೆಡ್ಡು ಕಾಣುವುದೇ ಅಪರೂಪ. ಸ್ಪ್ಯಾನರಿಗೆ ಪೈಪು ಹಾಕುವ ಕಾಲ ಹೋಗಿ ಗಾಳಿ ಗನ್ನು ಬಂದಿದೆ. ಟೈರಂಗಡಿಯವನು ಟರ್ರ್ ಅನ್ನಿಸಿದರೆ ಅರೆಗಳಿಗೆಯಲ್ಲಿ ಕೆಲಸ ಮುಗಿಯಿತು. ಆ ಗನ್ನು ಬೋಲ್ಟನ್ನು ಹಿಗ್ಗಿಸುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ಬಣ್ಣ ಬಳಿಯುವುದು ಮಾತ್ರ ಹಾಗೇ ಉಳಿದಿದೆ. ಸಡಿಲವಾದರೆ ಬೈಯುವುದೂ.

ಫೋನಿನಲ್ಲಿ ತಂಗಿಯ ಮಗನಿಗೆ ಹೇಳಿದೆ. "ಬೀಗದ ಕೈ ಕೊಟ್ಬುಟ್ಟು ಮನೆಗೆ ಹೋಗು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವ್ರತ್ರ ಮೂವತ್ ಸಾವ್ರ ಈಸ್ಕೊಂಡಿವ್ನಿ ಮಾವ" ಅಂದ. ಇವನ ಅವ್ವನ ಮದುವೆಗೆಂದು ನಾನು ತಂದದ್ದು ನಾನೂರು.

ಬೆಳಗಿನ ಜಾವ ಬಂಡೀಪಾಳ್ಯಕ್ಕೆ ಹೋದೆ. ಲೋಡು ಇಳಿದಿತ್ತು. ಚಕ್ರ ಇಳಿಸಿ ಬೆನ್ನು ನೋಡಿದರೆ ಹೊಚ್ಚ ಹೊಸ ಬೆಳ್ಳಿ ಬಣ್ಣ. "ಎಫ್.ಸಿ. ಯಾವಾಗಾಯ್ತು?" ಅಂದೆ. "ಹೋದ ತಿಂಗ್ಳು" ಅಂದ. ತಂತಿಬ್ರಷ್ಷಿನಿಂದ ಇಬ್ಬರೂ ಕೆರೆದೆವು. ರಿಮ್ಮಿನ ಮುಖ, ಡ್ರಮ್ಮಿನ ಮುಖ, ಎರಡೂ ಬರೀ ಕಬ್ಬಿಣ ಆಗುವವರೆಗೆ. ಎರಡು ತೂತು ಮೊಟ್ಟೆಯಾಗತೊಡಗಿದ್ದವು. ಅವನ್ನು ಬೆರಳಿನಿಂದ ಮುಟ್ಟಿಸಿದೆ. "ಕೆರೆದದ್ದು ಮನೆ ತಲುಪೋದಕ್ಕೆ. ಈ ರಿಮ್ಮಲ್ಲಿ ಲೋಡು ಹೇರಬ್ಯಾಡ. ನಿನ್ ಕೈದು ತಪ್ಪಿಲ್ಲ" ಅಂದೆ. ಎದುರುಬದುರು ನಟ್ಟು ಬಿಗಿಯಿಸಿ, ಪ್ರತಿ ನಟ್ಟಿನಿಂದ ರಿಮ್ಮಿನ ಮೇಲಕ್ಕೆ ಒಂದು ಬಿಳೀ ಗೆರೆ ಎಳೆಯಿಸಿದೆ. ನಟ್ಟು ಅಲ್ಲಾಡಿದರೆ ಗೆರೆ ಮುರಿದು ಕಾಣುತ್ತದೆ. ನೋಟುಬುಕ್ಕು ಕೊಡಲು ಹೋದೆ. ಅವನು ನಕ್ಕು ಫೋನಿನಲ್ಲಿ ಫೋಟೋ ಹೊಡೆದ. ತಾರೀಕು, ಹೊತ್ತು ಅದರಲ್ಲೇ ಬೀಳುತ್ತದಂತೆ.

ಸಂಜೆ ಮಿರ್ಲೆಯಿಂದ ಫೋನು ಮಾಡಿದ. ಖಾಲಿ ಗಾಡಿಯನ್ನು ಮೆಲ್ಲಗೆ ಓಡಿಸಿಕೊಂಡು, ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ನೋಡಿದನಂತೆ. ನಾಲ್ಕು ಗೆರೆ ಹಾಗೇ ಇವೆ. ಮೊಟ್ಟೆಯಾದ ತೂತಿನ ಪಕ್ಕದ್ದು ಒಂದು ಸ್ವಲ್ಪ ಸರಿದಿದೆ. ಫೋಟೋಗಳ ಜೊತೆಗೆ ಓನರಿಗೆ ಬರೆದು ಕಳಿಸಿದನಂತೆ. ನನಗೂ ಓದಿ ಹೇಳಿದ: "ರಿಮ್ಮೂ ಬೋಲ್ಟೂ ಹೊಸದು ಹಾಕಿಸದೆ ನಾನು ಈ ಗಾಡಿ ಎತ್ತುವುದಿಲ್ಲ. ನಿಮ್ಮ ದುಡ್ಡು ಇದೆ, ದುಡಿದು ತೀರಿಸುತ್ತೇನೆ."

ಅವರು ಓದಿದ್ದಾರೆ ಅನ್ನುವ ಗುರುತು ಬಿದ್ದಿದೆಯಂತೆ. ಉತ್ತರ ಇನ್ನೂ ಬಂದಿಲ್ಲ. ಮೂರು ದಿನದಿಂದ ಗಾಡಿ ನಮ್ಮ ಕೇರಿಯ ಮುಂದೆ ನಿಂತೇ ಇದೆ.